ಪಟ್ಟಿಯಲ್ಲಿದ್ದ ಹೆಸರು

ನಗರಪಾಲಿಕೆಯ ಲಿಂಗತ್ವ ಅಲ್ಪಸಂಖ್ಯಾತರ ನೆರವು ಕೇಂದ್ರದಲ್ಲಿ ನಾನೊಬ್ಬಳೇ ಗುಮಾಸ್ತೆ. ಆ ದಿನ ಹಳ್ಳಿಯಿಂದ ಗಂಡ ಹೆಂಡತಿ ಬಂದರು. ಗಂಡ ಕುಳಿತುಕೊಳ್ಳಲೂ ಒಪ್ಪಲಿಲ್ಲ.

“ನಮ್ಮ ಮಗ ಬಸಲಿಂಗ ದವಾಖಾನ್ಯಾಗ ತೀರಿಕೊಂಡಾನಂತ ಯಾರೋ ಅಂದ್ರು. ಖರೇ ಏನ್ರಿ?” ಹೆಂಡತಿ ಕೇಳಿದಳು. “ಎಂಟು ವರ್ಷಾತು ಮನಿ ಬಿಟ್ಟು. ಹೆಣ್ಣಾಗಿ ಇದೇ ಊರಾಗ ಇದ್ದನಂತ.”

ನಮ್ಮಲ್ಲಿ ನೋಂದಾಯಿಸಿಕೊಂಡವರಲ್ಲಿ ಆ ವಾರ ಒಬ್ಬಳು ತೀರಿಕೊಂಡಿದ್ದಳು. ಆದರೆ ಪಟ್ಟಿಯಲ್ಲಿ ಹೊಸ ಹೆಸರುಗಳಷ್ಟೇ ಇರುತ್ತವೆ.

“ಬಸಲಿಂಗ ಅಂತ ಯಾರೂ ಇಲ್ಲಮ್ಮ. ಆಮೇಲೆ ಇಟ್ಟುಕೊಂಡ ಹೆಸರು ಗೊತ್ತಿದ್ದರೆ ಹೇಳಿ, ನೋಡ್ತೀನಿ.”

“ಯಾವ ಹೆಸರು?” ಗಂಡ ಸಿಡುಕಿದ. “ನಮಗ ಗೊತ್ತಿರೋದು ಒಂದ ಹೆಸರು. ಅದು ನಿಮ್ಮ ಪಟ್ಟ್ಯಾಗ ಇಲ್ಲಲ್ಲ, ಮುಗೀತು. ನಡೀ ನೀ.”

“ಹಂಗಾರ ನನ್ನ ಕೂಸು ಬದುಕೇತಿ!” ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ನನಗೆ ಕೈಮುಗಿದಳು. ನಾನೂ ಕೈಮುಗಿದೆ.

ಹೆಂಡತಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಆತ ಒಬ್ಬನೇ ವಾಪಸು ಬಂದ. ಬೈಯಲು ಬಂದನೆಂದುಕೊಂಡು ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸಿದೆ.

“ನೀಲಗಂಗವ್ವ ಅಂತ ಐತೇನ್ರಿ?” ಎಂದು ಪಿಸುಗುಟ್ಟಿದ.

ತೀರಿಕೊಂಡವಳದು ಅದೇ ಹೆಸರು. ನಾನು ಪಟ್ಟಿಯನ್ನು ಆತನ ಕಡೆಗೆ ತಿರುಗಿಸಿದೆ. ಆತ ಆ ಸಾಲಿನ ಮೇಲೆ ಬೆರಳಿಟ್ಟು ಅಕ್ಷರ ಅಕ್ಷರ ಓದಿದ.

“ಹೊರಗ ಕುಂತಾಕಿಗೆ ಹೇಳಬ್ಯಾಡ್ರಿ ಮೇಡಂ,” ಎಂದ. “‘ನನಗೊಂದು ಹೆಸರಿಡಪ್ಪಾ’ ಅಂತ ಮಗಳು ಫೋನಿನ್ಯಾಗ ಕೇಳಿದ್ಳು. ನಮ್ಮವ್ವನ ಹೆಸರು ನಾನ ಇಟ್ಟಿದ್ದೆ.”