ದಿಬ್ಬಣದ ಮೀನು

ಕಡಲು ಊರೊಳಗೆ ಬಂದು ಕೂತ ಮೇಲೆ ಮದುವೆ ದಿಬ್ಬಣಕ್ಕೆ ಮೀನೇ ಗತಿ. ನಿಶ್ಚಿತಾರ್ಥದ ದಿನ ಹೆಣ್ಣಿನ ಮನೆಯವರು ಬೆರಳುದ್ದದ ಮೀನುಮರಿ ಕೊಡುತ್ತಾರೆ. ಗಂಡಿನವರು ಅದನ್ನು ಸಾಕಬೇಕು. ವಧೂವರರಿಬ್ಬರನ್ನೂ ಬೆನ್ನ ಮೇಲೆ ಹೊರುವಷ್ಟು ಅದು ಬೆಳೆದಾಗಲೇ ಮದುವೆ.

ವನಿತಾಳ ಜೊತೆ ನಿಶ್ಚಿತಾರ್ಥವಾದ ದಯಾಕರನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಬೆಚ್ಚಗಿನ ನೀರಲ್ಲಿ ಮೀನು ಬೇಗ ಬೆಳೆಯುತ್ತದೆಂದು ಯಾರೋ ಹೇಳಿದ್ದೇ ತಡ, ಬೆಳಗೂ ಬೈಗೂ ಹಂಡೆಗಟ್ಟಲೆ ನೀರು ಕಾಯಿಸಿ ತೊಟ್ಟಿಗೆ ಸುರಿದ. ತಿನ್ನಲು ಹಾಕಿದ್ದು ಮಾತ್ರ ಮೊದಲಿನಷ್ಟೇ. ನೀರು ಬೆಚ್ಚಗಾದಂತೆ ಮೀನಿನ ಹಸಿವೂ ಏರಿತು. ತಿಂದದ್ದು ಸಾಲದೆ ಬೆಳೆದಿದ್ದ ಮೈಯೂ ಕರಗಿತು. ಈಗ ತಲೆಯೊಂದೇ ದೊಡ್ಡದು, ಬೆನ್ನಿನಲ್ಲಿ ಒಬ್ಬರು ಕೂರುವಷ್ಟೇ ಜಾಗ.

ಮಗಳ ಜೊತೆ ಮೀನು ನೋಡಲು ಬಂದ ಭಾವಿ ಮಾವ ಕೊರಗಪ್ಪನ ಮುಖ ಕೆಂಪಾಯಿತು.

"ಒಂದು ಮೀನಿಗೆ ಹೊಟ್ಟೆ ತುಂಬ ಹಾಕದ ಮನೆಗೆ ಹೆಣ್ಣು ಕೊಡುವುದು ಹೇಗೆ ಮಾರಾಯ? ಏಳು ವನಿತಾ, ಹೋಗುವ."

ತೊಟ್ಟಿಯ ಅಂಚಿನಲ್ಲಿ ಕೂತಿದ್ದ ವನಿತಾ ಏಳಲಿಲ್ಲ. ನೀರಿಗೆ ಕೈ ಅದ್ದಿ ಫಕ್ಕನೆ ತೆಗೆದಳು. ಮೂಲೆಯ ಹಂಡೆ ನೋಡಿದಳು, ಮಸಿ ಮೆತ್ತಿದ ದಯಾಕರನ ಕೈ ನೋಡಿದಳು.

"ಇವರು ಜಿಪುಣರಲ್ಲ ಅಪ್ಪ," ಎಂದಳು ನಗು ತಡೆದುಕೊಂಡು, "ಇವರಿಗೆ ಮದುವೆಯ ಅರ್ಜೆಂಟು."

"ಅರ್ಜೆಂಟು ಇದ್ರೆ? ಈ ಬೆನ್ನಲ್ಲಿ ಇಬ್ಬರು ಕೂತ್ಕೊಳ್ಳಲಿಕ್ಕೆ ಆಗ್ತದಾ?"

"ಇಬ್ಬರು ಯಾಕೆ? ಬರುವ ವಾರವೇ ದಿಬ್ಬಣ ಹೊರಡ್ಲಿ. ಅಷ್ಟರವರೆಗೆ ಇದಕ್ಕೆ ಹೊಟ್ಟೆ ತುಂಬ ಹಾಕ್ಲಿ. ನಾನು ಮೀನಿನ ಮೇಲೆ ಕೂತ್ಕೊಳ್ತೇನೆ. ಅರ್ಜೆಂಟು ಇದ್ದವರು ಹಿಂದೆ ಈಜಿಕೊಂಡು ಬರ್ಲಿ."