ಕುಣಿ ಮುಚ್ಚಲು ಬಂದ ಗರಸು

ಲಾಡಸಾಬನ ಟಂಟಂ ಗಾಡಿ ಗರಸುಮಣ್ಣು ತುಂಬಿಕೊಂಡು ಬಾಗಿಲಿಗೆ ಬಂದು ನಿಂತಾಗ ಶಿವಲಕ್ಷ್ಮಿ ಮಗ್ಗದ ಮೇಲೆ ಹೊದಿಸಿದ್ದ ಹಳೆ ಧೋತರ ತೆಗೆದು ಮಡಚುತ್ತಿದ್ದಳು.

“ಜಲ್ದಿ ಸರಿ ಅತ್ಲಾಗ,” ಗಂಡ ಪುಂಡಲೀಕಪ್ಪ ಅಂಗಳದಿಂದಲೇ ಕೂಗಿದ. “ಹೊತ್ತು ಏರೂದ್ರಾಗ ಲಾಡಸಾಬ ಕುಣಿ ಮುಚ್ಚಿ ಮುಗಸ್ತಾನಂತ. ನಾಳೆ ಮ್ಯಾಲ ಫರಸಿ ಕಲ್ಲು ಹಾಸಿಬಿಟ್ರ ಆತು.”

“ಫರಸಿ ಹಾಸಿ ಏನ್ ಮಾಡೋರು?”

“ಕಾಟ್ ಹಾಕೂಣು. ಅಡ್ಡಾಗು, ಆರಾಮಿರು.”

ಕಾಟಿನ ಮೇಲೆ ಆರಾಮಿರಲು ಶಿವಲಕ್ಷ್ಮಿಗೆ ಇನ್ನೂ ಐವತ್ತು ತುಂಬಿರಲಿಲ್ಲ. ಬೆಟಗೇರಿಯ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಮಗ್ಗದ ಕೆಳಗೆ ನೆಲದಲ್ಲಿ ತೋಡಿದ್ದ ಈ ಕುಣಿಗೆ ಅವಳು ಕಾಲು ಇಳಿಬಿಟ್ಟು ಸೀರೆ ನೇಯ್ದವಳು. ಅಲ್ಲಿ ಕೂತರೆ ಮಾತ್ರ ಅವಳಿಗೆ ತಾನು ತಾನೇ ಅನ್ನಿಸುತ್ತಿತ್ತು. ನಲವತ್ತೈದು ದಾಟಿದ್ದೇ ಮೈ ಯಾರ ಮಾತೂ ಕೇಳದೆ ಬೆಳೆಯಿತು. ಹೋದ ವರ್ಷ ಶ್ರಾವಣದಲ್ಲಿ ಒಂದು ದಿನ ಹೊಟ್ಟೆ ಎದುರಿನ, ನೇಯ್ದ ಸೀರೆ ಸುತ್ತುವ ಮರಕ್ಕೂ ಕುಣಿಯ ಹಿಂದಿನ ಕಟ್ಟೆಗೂ ನಡುವೆ ಸಿಕ್ಕಿಬಿತ್ತು. ಒಂದು ರಟ್ಟೆ ಪುಂಡಲೀಕಪ್ಪ, ಇನ್ನೊಂದು ರಟ್ಟೆ ಹಿತ್ತಲ ಗೋಡೆಯಾಚೆಯ ಲಾಡಸಾಬ ಹಿಡಿದು ಎಳೆದು ಹೊರಗೆ ತೆಗೆದರು. ಓಣಿಗೆ ಓಣಿಯೇ ಬಾಗಿಲಲ್ಲಿ ನಿಂತು ನಕ್ಕಿತ್ತು. ಸೀರೆ ಅರ್ಧಕ್ಕೇ ಮಗ್ಗದ ಮೇಲೆ ಉಳಿಯಿತು.

ಅವತ್ತಿನಿಂದ ಹೆಂಡತಿಯ ಮೈ ಇಳಿಸುವ ಹೊಣೆ ಪುಂಡಲೀಕಪ್ಪನದಾಯಿತು. ಸಂಜೆ ಅಂಗಡಿ ಮುಚ್ಚಿ ಬರುವಾಗ ಅವನ ಚೀಲದ ತುಂಬ ಮೆಂತ್ಯದ ಸಿವುಡು, ಮೂಲಂಗಿ, ಸೌತೆಕಾಯಿ, ಪೇರಲ ಹಣ್ಣು. ಈ ಸೀಮೆಯವರಿಗೆ ಹಸಿ ತಪ್ಪಲು-ಸೊಪ್ಪಿಲ್ಲದೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಶಿವಲಕ್ಷ್ಮಿಗೆ ಮಾತ್ರ ತಪ್ಪಲು ಕಂಡರೆ ಹುಟ್ಟಿನಿಂದ ಆಗದು. ಹಣ್ಣೂ ಅಷ್ಟಕ್ಕಷ್ಟೆ. ಆದರೂ ಈ ದಸರೆಯ ಹೊತ್ತಿಗೆ ಅವಳ ಕುಪ್ಪಸಗಳೆಲ್ಲ ಸಡಿಲಾಗಿದ್ದವು. ಪುಂಡಲೀಕಪ್ಪ ಕಂಡಕಂಡವರ ಮುಂದೆ ತನ್ನ ಚೀಲದ ಮಹಿಮೆ ಹೇಳಿಕೊಂಡು ತಿರುಗಿದ. ಕುಣಿಯ ಮಾತು ಬಂದರೆ ಮಾತ್ರ ಅವನದು ಒಂದೇ ಹಟ. ಓಣಿಯ ಮುಂದೆ ಇನ್ನೊಮ್ಮೆ ನಗೆಪಾಟಲಾಗುವುದು ಬೇಡ, ಮುಚ್ಚಿಬಿಡೋಣ. ಅವನಿಗೂ ಆ ನಗು ಚುಚ್ಚಿತ್ತು.

ಲಾಡಸಾಬ ಗರಸಿನ ಬುಟ್ಟಿ ಹೊತ್ತು ಒಳಗೆ ಬಂದ. ಅವನ ಬೆನ್ನಿಗೆ ಅವನ ಮನೆಯ ಆಡೂ ಬಂತು. ಇನ್ನೇನು ಸುರಿಯಬೇಕು, ಅಷ್ಟರಲ್ಲಿ ಶಿವಲಕ್ಷ್ಮಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಣಿಯ ಅಂಚಿಗೆ ಕೂತು ಕಾಲು ಇಳಿಬಿಟ್ಟಳು.

“ಏ, ಬ್ಯಾಡ! ಮತ್ತ ಸಿಕ್ಕೊಂಡಿ ಅಂದ್ರ?” ಪುಂಡಲೀಕಪ್ಪ ಓಡಿಬಂದ.

“ಸಿಕ್ಕೊಂಡ್ರ ನನ್ನ ಮ್ಯಾಲ ಗರಸು ಸುರುವ್ರಿ.”

ಉಸಿರು ಬಿಗಿಹಿಡಿದು ಮುಂದಕ್ಕೆ ಜಾರಿದಳು. ಮರ ಹೊಟ್ಟೆಗೆ ತಾಗಿತು. ಅವಳ ಮುಖ ಬಿಳಿಚಿಕೊಂಡಿತು. ಇನ್ನೊಮ್ಮೆ ಮೈ ಹೊರಳಿಸಿ ಸರಿದಳು. ಪಾದ ಕೆಳಗಿನ ತುಳಿಯುವ ಹಲಗೆ ಮುಟ್ಟಿತು. ಬಿಗಿಹಿಡಿದ ಉಸಿರು ಬಿಟ್ಟು, ಲಾಳಿ ಎತ್ತಿ ಹೊಟ್ಟೆಗೂ ಮರಕ್ಕೂ ನಡುವೆ ಇಳಿಸಿ ನೋಡಿದಳು. ಎಲ್ಲೂ ತಡೆಯದೆ ಹೋಯಿತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

“ನೋಡಿದೇನ ಲಾಡಸಾಬ!” ಪುಂಡಲೀಕಪ್ಪ ಹಿಗ್ಗಿಹೋದ. “ಇದೆಲ್ಲಾ ನಾ ತಂದ ತಪ್ಪಲದ ಪ್ರತಾಪ!”

ಅಷ್ಟರಲ್ಲಿ ಆಡು ಸೀದಾ ಶಿವಲಕ್ಷ್ಮಿಯ ಹತ್ತಿರ ಹೋಗಿ ಅವಳ ಕೈ ಮೂಸಿತು, ಏನೂ ಸಿಗದೆ ಸೆರಗು ಎಳೆಯಿತು. ಲಾಡಸಾಬ ಆಡಿನ ಉಬ್ಬಿದ ಹೊಟ್ಟೆ ನೋಡಿದ, ಶಿವಲಕ್ಷ್ಮಿಯ ಮುಖ ನೋಡಿದ.

“ವೈನಿ, ಈ ಆಡು ಗಬ್ಬ ಐತಂತ ನನ್ನ ಹೇಣ್ತಿ ಸುಗ್ರಾಬಿ ಹೋಳಿ ಹುಣ್ಣಿವಿಯಿಂದ ಹಾದಿ ಕಾಯಾಕತ್ಯಾಳ. ಮರಿ ಹಾಕವಲ್ದು.”

“ಗಬ್ಬಿಲ್ಲ ಅದು,” ಅಂದಳು ಶಿವಲಕ್ಷ್ಮಿ. “ಇವರ ಮೆಂತ್ಯ ಎಲ್ಲಾ ಅದರ ಹೊಟ್ಟ್ಯಾಗ ಐತಿ. ಪೇರಲ ಹಣ್ಣೂ ಅದಽ ತಿಂದೈತಿ.”

ಪುಂಡಲೀಕಪ್ಪ ಬಗ್ಗಿ ಆಡಿನ ಹೊಟ್ಟೆ ತಡವಿ ನೋಡಿದ. “ಹಂಗಾರ ನೀ ಹೆಂಗ ಇಳದಿ?”

“ಒಲ್ಲದ್ದನ್ನ ತಿಂದು ಅಲ್ಲ, ಬೇಕಾದ್ದರಾಗ ಅರ್ಧಾ ಬಿಟ್ಟು. ಎರಡು ರೊಟ್ಟಿ ಇದ್ದಲ್ಲೆ ಒಂದು. ಚಹಾಕ್ಕ ಸಕ್ರಿ ಇಲ್ಲ. ಕಾಳು, ಮಜ್ಜಿಗಿ. ನೀವು ಅಂಗಡಿಗೆ ಹ್ವಾದ ಮ್ಯಾಲ ಕೆರಿ ದಂಡಿ ತನಕಾ ನಡ್ಯೂದು. ಸಂಜಿಮುಂದ ಮಿರ್ಚಿ ಭಜಿ ಕರಿಯೂ ವಾಸನಿ ಬಂದಾಗ ಕುಂತು ಅತ್ತೀನಿ, ಖರೆ. ಆದ್ರ ತಪ್ಪಲಾ ಮುಟ್ಟಿಲ್ಲ. ಇನ್ನ ಮ್ಯಾಲೂ ಮುಟ್ಟಾಕಿ ಅಲ್ಲ.”

ಲಾಡಸಾಬ ಬುಟ್ಟಿ ಹೊತ್ತೇ ನಿಂತಿದ್ದ. “ಈ ಗರಸು ಏನ್ ಮಾಡ್ಲಿ ವೈನಿ?”

“ಬಾಗಲ ಮುಂದ ಹಾಕು. ಮಳಿ ಬಂದ್ರ ಅಲ್ಲೆ ರಾಡಿ ಆಗತೈತಿ.”

ಅವನು ಹೊರಗೆ ಹೋದ. ಆಡು ಒಲ್ಲದ ಮನಸ್ಸಿನಿಂದ ಅವನ ಹಿಂದೆ ಹೋಯಿತು. ಪುಂಡಲೀಕಪ್ಪ ಕುಣಿಯ ಅಂಚಿಗೆ ಬಂದು, ಹೋದ ವರ್ಷ ಶ್ರಾವಣದಲ್ಲಿ ಚಾಚಿದ ಹಾಗೆಯೇ ಎರಡೂ ಕೈ ಚಾಚಿದ. “ಆತು, ನೀನಽ ಗೆದ್ದಿ. ಕೈ ಹಿಡಿ, ಎಬ್ಬಸ್ತೀನಿ.”

ಶಿವಲಕ್ಷ್ಮಿ ಆ ಕೈಗಳನ್ನು ನೋಡಿದಳು. ಮಗ್ಗದ ಪಕ್ಕದಲ್ಲಿ ಒಂದು ವರ್ಷದಿಂದ ಬಿದ್ದಿದ್ದ ನೂಲಿನ ಲಡಿ ಎತ್ತಿ, ಧೂಳು ಕೊಡವಿ, ಅವುಗಳ ಮೇಲೆ ಇಟ್ಟಳು.

“ಸೀರಿ ಇನ್ನೂ ಅರ್ಧಾ ಉಳದೈತಿ. ಕೈ ಖಾಲಿ ಅದಾವಲ್ಲ, ಲಾಳಿಯೊಳಗ ಹಾಕೂ ಕಂಡಿಕಿಗೆ ಈ ನೂಲು ಸುತ್ತರಿ.”