ಉಪವಾಸದ ಎರಡನೇ ದಿನ

ಸುತ್ತಲಿನ ಹಳ್ಳಿಗಳಿಂದ ದಿನವೂ ಬಂದು ಹೋಗುವ ಒಂಬತ್ತು ವಿದ್ಯಾರ್ಥಿಗಳು, ಸಂಜೆಗೊಂದು ಬಸ್ಸು ಬೇಕೆಂದು ಕಾಲೇಜಿನ ಅಂಗಳದಲ್ಲೇ ಉಪವಾಸ ಕೂತಿದ್ದರು. ಬಸ್ಸು ಬರದಿದ್ದರೆ ಓದು ಬಿಡಿಸುತ್ತೇನೆಂದು ಅವರಲ್ಲೊಬ್ಬಳಾದ ಶಾಂಭವಿಯ ಅಪ್ಪ ಹೇಳಿಯಾಗಿತ್ತು.

ಭಾನುವಾರ ಮಧ್ಯಾಹ್ನ ಗುಂಪಿನ ಮುಖಂಡ ಬಸವಂತ ಮತ್ತೊಮ್ಮೆ ಗದರಿದ: “ಒಬ್ಬರು ಒಂದು ಬಿಸ್ಕೀಟ್ ತಿಂದದ್ದು ಗೊತ್ತಾದ್ರೂ ಮುಗೀತು. ಬಸ್ಸೂ ಇಲ್ಲ, ಮರ್ಯಾದೀನೂ ಇಲ್ಲ. ಹೊಟ್ಟಿಬಾಕರು ಈಗ್ಲೇ ಮನೀಗೆ ನಡೀರಿ.”

ಎಲ್ಲರೂ ಪೆಂಡಾಲಿನಲ್ಲಿ ಮಲಗಿದ ಮೇಲೆ ಶಾಂಭವಿ ಮೆಲ್ಲಗೆ ಎದ್ದಳು. ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ಗ್ರಂಥಾಲಯದ ಮೆಟ್ಟಿಲ ಕೆಳಗೆ ತಿಂಡಿಯ ಮಷಿನ್ ಇತ್ತು. ಅದರ ಗಾಜಿನ ತುಂಬ ಅವರೇ ‘ಬಸ್ಸು ಬಿಡಿ’ ಎಂಬ ಪೋಸ್ಟರ್ ಅಂಟಿಸಿದ್ದರು. ನಾಣ್ಯ ಹಾಕಿ ಗುಂಡಿ ಒತ್ತಿದಳು. ಮಷಿನ್ ಗುರ್ರೆಂದಿತು, ಏನೂ ಬೀಳಲಿಲ್ಲ. ಆ ಸದ್ದು ಪೆಂಡಾಲಿನವರೆಗೂ ಹೋಯಿತೇನೋ ಎಂದು ಅತ್ತ ತಿರುಗಿ ನೋಡಿದಳು. ಆದರೂ ಮತ್ತೆ ಒತ್ತಿದಳು. ಬೆನ್ನ ಹಿಂದೆ ಚಪ್ಪಲಿ ಸದ್ದಾಯಿತು.

“ಯಾರದು?” ವಾಚ್‌ಮನ್.

“ಕಾಕಾ, ನಿಮ್ಮ ಕಾಲಿಗೆ ಬೀಳ್ತೀನಿ, ಯಾರಿಗೂ ಹೇಳಬ್ಯಾಡ್ರಿ.”

“ಏನು ಹೇಳಬಾರದು?”

“ನಾ ಇಲ್ಲಿ ಬಂದದ್ದು. ಅವರಿಗೆ ಗೊತ್ತಾದ್ರ ನನ್ನ ಜೀವಂತ ಬಿಡೂದಿಲ್ರಿ. ಬಸ್ ತಪ್ಪಿತಂದ್ರ ನನ್ನ ಕಾಲೇಜೂ ತಪ್ಪಿತು.”

ಆತ ಒಮ್ಮೆ ಪೆಂಡಾಲಿನ ಕಡೆ ನೋಡಿದ.

“ಸುಮ್ನ ಯಾಕ ಒತ್ತತಿ ಯವ್ವಾ? ಉಳಿದ ಎಂಟೂ ಮಂದಿ ಬೆಳಿಗ್ಗಿಂದ ಒಬ್ಬೊಬ್ಬರ ಬಂದು ಅದನ್ನ ಖಾಲಿ ಮಾಡ್ಯಾರ.”